ಮರಳಿ ಬಂದ ಮೂರನೇ ನಂಬರ್

2009ರ ಡಿಸೆಂಬರ್ 7ರ ಸಂಜೆ ಅಮೆರಿಕದ ಫಿಲಡೆಲ್ಫಿಯ ನಗರದ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣ ಕಿಕ್ಕಿರಿದು ತುಂಬಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಆ ಋತುವಿನಲ್ಲಿ ಅಲ್ಲಿ ಟಿಕೆಟ್‌ಗಳು ಪೂರ್ತಿ ಖರ್ಚಾದದ್ದು ಅದೇ ಮೊದಲು. ಆತಿಥೇಯ ತಂಡ ಸೆವೆಂಟಿಸಿಕ್ಸರ್ಸ್ ಸಾಲು ಸಾಲು ಸೋಲುಗಳಿಂದ ಕಂಗೆಟ್ಟಿತ್ತು. ಎದುರಾಳಿ ಡೆನ್ವರ್ ನಗೆಟ್ಸ್ ಬಲಿಷ್ಠವಾಗಿತ್ತು. ಹಾಗಾಗಿ ಗೆಲುವು ನೋಡಬೇಕೆಂಬ ಆಸೆಯಿಂದ ಬಂದವರು ಕಡಿಮೆಯೇ. ಮೂರನೇ ನಂಬರಿನ ಅಂಗಿ ತೊಟ್ಟ 34 ವರ್ಷದ ಅಲೆನ್ ಐವರ್ಸನ್ ಅಂಕಣಕ್ಕೆ ಬಂದರು. ನಡುಮಧ್ಯದಲ್ಲಿ ಬಗ್ಗಿ, ನೆಲದ ಮೇಲೆ ಬರೆದಿದ್ದ ತಂಡದ ಲಾಂಛನಕ್ಕೆ ಮುತ್ತಿಟ್ಟರು. ಜನ ಬಂದದ್ದು ಅದಕ್ಕೆ.

ಪಂದ್ಯದಲ್ಲಿ ಫಿಲಡೆಲ್ಫಿಯ 83-93ರಿಂದ ಸೋತಿತು. ಐವರ್ಸನ್ ಗಳಿಸಿದ್ದು 11 ಅಂಕ. ಒಂದು ಕಾಲದಲ್ಲಿ ಅದು ಅವರ ಮೊದಲ ಹತ್ತು ನಿಮಿಷದ ಗಳಿಕೆ!

ತಂಡದಿಂದ ಹೊರಹೋದ ಹಳೆಯ ತಾರೆಯನ್ನು, ಅವನ ಕಾಲು ಸೋತ ಮೇಲೆ, ಮತ್ತೆ ಕರೆಸಿಕೊಳ್ಳಬೇಕೆ? ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಈ ಪ್ರಶ್ನೆ ಕೆಲವು ವರ್ಷಗಳಿಗೊಮ್ಮೆ ಏಳುತ್ತಲೇ ಇರುತ್ತದೆ. ಅಭಿಮಾನಿ ‘ಬೇಕು’ ಎನ್ನುತ್ತಾನೆ, ಲೆಕ್ಕ ಬಲ್ಲವನು ‘ಬೇಡ’ ಎನ್ನುತ್ತಾನೆ. ‘ಹಳೇ ಗಂಡನ ಪಾದವೇ ಗತಿ’ ಎಂದು ನಮ್ಮಲ್ಲೊಂದು ಗಾದೆಯಿದೆ. ಊರೆಲ್ಲ ಸುತ್ತಿ ಮರಳಿದವರನ್ನು ಕುರಿತು ಕುಹಕವಾಗಿ ಆಡುವ ಮಾತು. ಫಿಲಡೆಲ್ಫಿಯದ ಪ್ರಕರಣದಲ್ಲಿ ಯಾರಿಗೆ ಯಾರ ಪಾದ ಗತಿಯಾಯಿತು ಎಂಬುದೇ ಸ್ವಾರಸ್ಯ. ಆಟಗಾರನಿಗೆ ಬೇರೆ ತಂಡವಿರಲಿಲ್ಲ, ತಂಡಕ್ಕೆ ಪ್ರೇಕ್ಷಕರಿರಲಿಲ್ಲ.

ಆರಡಿಯ ದೈತ್ಯ

ಐವರ್ಸನ್ ಯಾರು ಎಂಬುದನ್ನು ತುಸು ವಿವರವಾಗಿಯೇ ಹೇಳಬೇಕು. ಇಲ್ಲದಿದ್ದರೆ ಒಬ್ಬ ಸೋತ ಆಟಗಾರ ನೆಲಕ್ಕೆ ಮುತ್ತಿಟ್ಟರೆ ಒಂದು ನಗರವೇಕೆ ಹುಚ್ಚೆದ್ದು ಕೂಗಬೇಕು ಎಂಬುದು ಅರ್ಥವಾಗುವುದಿಲ್ಲ.

ವರ್ಜೀನಿಯ ರಾಜ್ಯದ ಹ್ಯಾಂಪ್ಟನ್ ಎಂಬ ಊರಿನ ಬಡ ಕರಿಯ ಕುಟುಂಬದಲ್ಲಿ 1975ರಲ್ಲಿ ಹುಟ್ಟಿದ ಹುಡುಗ. 1993ರಲ್ಲಿ, ಶಾಲೆಯಲ್ಲಿರುವಾಗಲೇ, ಬೌಲಿಂಗ್ ಕೇಂದ್ರವೊಂದರಲ್ಲಿ ಕರಿಯ ಮತ್ತು ಬಿಳಿಯ ಯುವಕರ ನಡುವೆ ನಡೆದ ಹೊಡೆದಾಟದ ಪ್ರಕರಣದಲ್ಲಿ ಸಿಕ್ಕಿ ಜೈಲು ಸೇರಬೇಕಾಯಿತು. ನಾಲ್ಕು ತಿಂಗಳಾದ ಮೇಲೆ ರಾಜ್ಯದ ಗವರ್ನರ್ ಡಗ್ಲಸ್ ವೈಲ್ಡರ್ ಕ್ಷಮಾದಾನ ನೀಡಿದರು. 1995ರಲ್ಲಿ ಮೇಲಿನ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಶಿಕ್ಷೆಯನ್ನೇ ರದ್ದುಪಡಿಸಿತು. ಅಷ್ಟರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತರಬೇತುದಾರ ಜಾನ್ ಥಾಂಪ್ಸನ್ ಈ ಹುಡುಗನನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡಿದ್ದರು. 1996ರಲ್ಲಿ ಹೊಸ ಆಟಗಾರರನ್ನು ತಂಡಗಳು ಆಯ್ದುಕೊಳ್ಳುವ ‘ಡ್ರಾಫ್ಟ್’ನಲ್ಲಿ ಮೊಟ್ಟಮೊದಲ ಆಯ್ಕೆಯಾಗಿ ಫಿಲಡೆಲ್ಫಿಯ ಐವರ್ಸನ್‌ರನ್ನು ಪಡೆಯಿತು.

ಆಗ ಆ ತಂಡ ಪಾತಾಳ ಕಂಡಿತ್ತು. ಹಿಂದಿನ ಋತುವಿನ 82 ಪಂದ್ಯಗಳಲ್ಲಿ ಗೆದ್ದದ್ದು ಕೇವಲ 18. ಬ್ಯಾಸ್ಕೆಟ್‌ಬಾಲ್ ಎತ್ತರದವರ ಆಟ. ಆರೂವರೆ ಅಡಿಯವನು ಅಲ್ಲಿ ಸಾಮಾನ್ಯ, ಏಳಡಿಯವನೂ ವಿಶೇಷವಲ್ಲ. ಅಂಥವರ ನಡುವೆ ಬರೀ ಆರಡಿ ಎತ್ತರದ, 75 ಕಿಲೋ ತೂಕದ ಈ ಹುಡುಗ ಚೆಂಡನ್ನು ಎಡಕ್ಕೆ ಪುಟಿಸಿದಂತೆ ಮಾಡಿ ಬಲಕ್ಕೆ ಎಳೆದು, ಎದುರಾಳಿ ಮೈಯನ್ನು ತಿರುಗಿಸುವಷ್ಟರಲ್ಲಿ ಬುಟ್ಟಿಯ ಬಳಿ ಇರುತ್ತಿದ್ದ. 1997ರ ಮಾರ್ಚ್‌ನಲ್ಲಿ ಹೀಗೆ ಕಣ್ಕಟ್ಟು ಮಾಡಿಸಿಕೊಂಡವರಲ್ಲಿ ಮೈಕೇಲ್ ಜೋರ್ಡನ್ ಕೂಡ ಒಬ್ಬರು. ದೈತ್ಯರಿಗೆ ಡಿಕ್ಕಿ ಹೊಡೆದು ನೆಲಕ್ಕೆ ಬೀಳುವುದು, ಎದ್ದು ಮತ್ತೆ ಅಲ್ಲಿಗೇ ನುಗ್ಗುವುದು ರಾತ್ರಿ ರಾತ್ರಿಯೂ ನಡೆಯುತ್ತಿತ್ತು. ಕಾರ್ಖಾನೆ, ಹಡಗುಕಟ್ಟೆಗಳ ದುಡಿಮೆಯ ನೆನಪಿರುವ ಫಿಲಡೆಲ್ಫಿಯಕ್ಕೆ ಈ ಬೀಳುವ-ಏಳುವ ಆಟ ಹಿಡಿಸಿಬಿಟ್ಟಿತು.

ಐವರ್ಸನ್ ಲೀಗ್‌ನ ಅತಿ ಹೆಚ್ಚು ಸರಾಸರಿ ಅಂಕ ಗಳಿಕೆಯ ಗೌರವವನ್ನು ನಾಲ್ಕು ಸಲ ಪಡೆದರು. 2000-01ರ ಋತುವಿನಲ್ಲಿ ತಂಡ 56 ಪಂದ್ಯ ಗೆದ್ದಿತು; ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಐವರ್ಸನ್ ಪಾಲಾಯಿತು. ಫೈನಲ್ಸ್‌ನಲ್ಲಿ ಎದುರಾದದ್ದು ಲಾಸ್ ಏಂಜಲಿಸ್ ಲೇಕರ್ಸ್. ಆ ವರ್ಷದ ಪ್ಲೇಆಫ್‌ನಲ್ಲಿ ಅದುವರೆಗೆ ಆಡಿದ 11 ಪಂದ್ಯಗಳಲ್ಲಿ ಒಂದನ್ನೂ ಸೋತಿರದ ತಂಡ ಅದು. ಅವರ ನೆಲದಲ್ಲೇ ನಡೆದ ಮೊದಲ ಪಂದ್ಯದಲ್ಲಿ ಐವರ್ಸನ್ ಒಬ್ಬರೇ 48 ಅಂಕ ಹೊಡೆದು ಹೆಚ್ಚುವರಿ ಅವಧಿಯಲ್ಲಿ ತಂಡವನ್ನು ಗೆಲ್ಲಿಸಿದರು. ಬಳಿಕ ಲೇಕರ್ಸ್ ಸತತ ನಾಲ್ಕು ಗೆದ್ದು ಪ್ರಶಸ್ತಿ ಎತ್ತಿಕೊಂಡಿತು. ಆದರೆ ಫಿಲಡೆಲ್ಫಿಯದವರಿಗೆ ನೆನಪಿರುವುದು ಗೆದ್ದ ಆ ಒಂದು ಪಂದ್ಯವೇ.

ತೋಳು-ಕತ್ತಿನ ತುಂಬ ಹಚ್ಚೆ, ಹೆಣೆದ ಕೂದಲು, ಸಡಿಲ ಉಡುಪು, ತಡರಾತ್ರಿಯ ಸಹವಾಸ, ತರಬೇತಿಗೆ ಚಕ್ಕರ್ ಇವೆಲ್ಲವೂ ಜೊತೆಗಿದ್ದವು. 2002ರ ಮೇ ತಿಂಗಳಲ್ಲಿ, ತರಬೇತುದಾರ ಲ್ಯಾರಿ ಬ್ರೌನ್ ಜೊತೆಗಿನ ಜಟಾಪಟಿಯ ನಡುವೆ, ಪತ್ರಿಕಾಗೋಷ್ಠಿಯಲ್ಲಿ ‘ಪ್ರಾಕ್ಟೀಸ್’ ಎಂಬ ಒಂದೇ ಪದವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಹೇಳಿ ನಗೆಪಾಟಲಾದರು. ಅದೇ ಗೋಷ್ಠಿಯಲ್ಲಿ ಅವರು ಸತ್ತುಹೋದ ತಮ್ಮ ಆಪ್ತ ಗೆಳೆಯನ ಬಗ್ಗೆಯೂ ಮಾತನಾಡಿದ್ದರು. ಆ ಭಾಗವನ್ನು ಟಿ.ವಿ.ಯವರು ಅಷ್ಟಾಗಿ ಮತ್ತೆ ಮತ್ತೆ ತೋರಿಸಲಿಲ್ಲ.

2006ರ ಡಿಸೆಂಬರ್‌ನಲ್ಲಿ ಸಂಬಂಧ ಹಳಸಿತು. ತಂಡ ಅವರನ್ನು ಡೆನ್ವರ್‌ಗೆ ಕೊಟ್ಟು ಬದಲಿಗೆ ಆಂಡ್ರೆ ಮಿಲ್ಲರ್, ಜೋ ಸ್ಮಿತ್ ಮತ್ತು ಮುಂದಿನ ಡ್ರಾಫ್ಟ್‌ನ ಎರಡು ಆಯ್ಕೆಗಳನ್ನು ಪಡೆಯಿತು. 2008ರ ಮಾರ್ಚ್‌ನಲ್ಲಿ ಡೆನ್ವರ್ ಅಂಗಿಯಲ್ಲಿ ಮೊದಲ ಸಲ ಹಳೆಯ ಊರಿಗೆ ಬಂದಾಗ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದುರಾಳಿ ಆಟಗಾರರನ್ನು, ಕೆಲವೊಮ್ಮೆ ತಮ್ಮವರನ್ನೂ, ಬೈಯುವುದಕ್ಕೆ ಹೆಸರಾದ ಊರು ಅದು ಎಂಬುದನ್ನು ಇಲ್ಲಿ ನೆನೆಯಬೇಕು.

ಬೆಂಚಿನ ಪ್ರಶ್ನೆ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡದಿಂದ ಒಮ್ಮೆಗೆ ಐವರು ಆಡುತ್ತಾರೆ. ಉಳಿದವರು ಬದಿಯ ಬೆಂಚಿನಲ್ಲಿ ಕೂತು ಸರದಿ ಕಾಯುತ್ತಾರೆ. ಆರಂಭಿಕ ಐವರಲ್ಲಿರುವುದು ಮರ್ಯಾದೆಯ ಸಂಗತಿ. ಆದರೆ ಬೆಂಚಿನಿಂದ ಎದ್ದು ಬಂದು ಆಟದ ದಿಕ್ಕು ಬದಲಿಸುವವನಿಗೂ ಬೆಲೆಯಿದೆ. ಅಂಥವರಿಗೆಂದೇ ಲೀಗ್ ‘ಆರನೆಯ ಆಟಗಾರ’ ಎಂಬ ವಾರ್ಷಿಕ ಪ್ರಶಸ್ತಿ ಇಟ್ಟಿದೆ. ವಯಸ್ಸಾದ ತಾರೆಗೆ ಈ ಬೆಂಚೇ ಸಹಜವಾದ ಜಾಗ. ಇಪ್ಪತ್ತು ನಿಮಿಷ ಆಡಿದರೆ ಸಾಕು, ಎದುರಾಳಿಯ ಎರಡನೇ ಸಾಲಿನವರು ಎದುರಿಗಿರುತ್ತಾರೆ, ಮೊಣಕಾಲಿಗೂ ಉಸಿರು ಸಿಗುತ್ತದೆ.

ಐವರ್ಸನ್‌ಗೆ ಬೆಂಚ್ ಎಂದರೆ ಅವಮಾನ. 2008ರ ನವೆಂಬರ್‌ನಲ್ಲಿ ಡೆನ್ವರ್ ಅವರನ್ನು ಡೆಟ್ರಾಯಿಟ್‌ಗೆ ಕೊಟ್ಟು ಚಾನ್ಸಿ ಬಿಲಪ್ಸ್‌ರನ್ನು ಪಡೆಯಿತು. ಡೆಟ್ರಾಯಿಟ್ ಆರು ವರ್ಷ ಸತತವಾಗಿ ತನ್ನ ವಿಭಾಗದ ಫೈನಲ್ ತಲುಪಿದ್ದ ತಂಡ. ಐವರ್ಸನ್ ಬಂದ ವರ್ಷ 39 ಗೆದ್ದು 43 ಸೋತಿತು. ಬಿಲಪ್ಸ್ ಸೇರಿದ ಡೆನ್ವರ್ ಅದೇ ವರ್ಷ ತನ್ನ ವಿಭಾಗದ ಫೈನಲ್‌ಗೆ ಹೋಯಿತು. ಡೆಟ್ರಾಯಿಟ್‌ನಲ್ಲಿ ಬೆಂಚಿಗೆ ಕೂರಿಸಿದಾಗ, ಹೀಗೆ ಆಡುವುದಕ್ಕಿಂತ ನಿವೃತ್ತಿಯೇ ಮೇಲು ಎಂಬರ್ಥದ ಮಾತು ಐವರ್ಸನ್ ಬಾಯಿಂದ ಬಂತು. ಮುಂದಿನ ಋತುವಿಗೆ ಮೆಂಫಿಸ್ ತಂಡ ಸೇರಿದರು. ಅಲ್ಲಿಯೂ ಬೆಂಚು, ಅಲ್ಲಿಯೂ ಅಸಮಾಧಾನ. ಮೂರೇ ಪಂದ್ಯ ಆಡಿ ಹೊರಬಿದ್ದರು. 2009ರ ನವೆಂಬರ್ 25ರಂದು ನಿವೃತ್ತಿಯ ಹೇಳಿಕೆ ಹೊರಬಿತ್ತು.

ಅದರ ಹಿಂದಿನ ರಾತ್ರಿ ಫಿಲಡೆಲ್ಫಿಯದ 23 ವರ್ಷದ ಗಾರ್ಡ್ ಲೂ ವಿಲಿಯಮ್ಸ್‌ರ ದವಡೆ ಮುರಿದಿತ್ತು. ಆಟವನ್ನು ನಡೆಸುವ ಪಾಯಿಂಟ್ ಗಾರ್ಡ್ ಸ್ಥಾನದಲ್ಲಿದ್ದ ಆಂಡ್ರೆ ಮಿಲ್ಲರ್ ಅದೇ ಬೇಸಿಗೆಯಲ್ಲಿ ಪೋರ್ಟ್‌ಲೆಂಡ್‌ಗೆ ಹೋಗಿದ್ದರಿಂದ ಆ ಜಾಗವನ್ನು ವಿಲಿಯಮ್ಸ್‌ಗೆ ಕೊಡಲಾಗಿತ್ತು. ಉಳಿದದ್ದು 19 ವರ್ಷದ ಹೊಸಬ ಜ್ರೂ ಹಾಲಿಡೇ. ತಂಡದ ಅಧ್ಯಕ್ಷ ಎಡ್ ಸ್ಟೆಫಾನ್ಸ್ಕಿ ಮತ್ತು ತರಬೇತುದಾರ ಎಡ್ಡಿ ಜೋರ್ಡನ್ (ಮೈಕೇಲ್ ಜೋರ್ಡನ್‌ಗೂ ಇವರಿಗೂ ನಂಟಿಲ್ಲ) ಡಲ್ಲಾಸ್‌ಗೆ ಹೋಗಿ ಐವರ್ಸನ್‌ರನ್ನು ಭೇಟಿಯಾದರು. ಡಿಸೆಂಬರ್ 2ರಂದು ಕರಾರಿಗೆ ಸಹಿ ಬಿತ್ತು.

ಲೆಕ್ಕ ಏನು ಹೇಳುತ್ತಿತ್ತು?

ಹಣದ ಲೆಕ್ಕದಲ್ಲಿ ತಂಡಕ್ಕೆ ನಷ್ಟವೇನೂ ಇರಲಿಲ್ಲ. ಹಿಂದಿನ ವರ್ಷ 2 ಕೋಟಿ ಡಾಲರಿಗೂ ಹೆಚ್ಚು ಪಡೆದಿದ್ದ ಆಟಗಾರ ಈಗ ಹಿರಿಯ ಆಟಗಾರರಿಗೆ ನಿಯಮದ ಪ್ರಕಾರ ಕೊಡಲೇಬೇಕಾದ ಕನಿಷ್ಠ ಸಂಬಳಕ್ಕೆ ಒಪ್ಪಿದ್ದರು. ಅದೂ ಖಾತರಿಯಿಲ್ಲದ ಕರಾರು. ಇಂಥ ಕರಾರುಗಳಲ್ಲಿ ಜನವರಿ 10ರೊಳಗೆ ಆಟಗಾರನನ್ನು ಕೈಬಿಟ್ಟರೆ ಉಳಿದ ಋತುವಿನ ಸಂಬಳ ಕೊಡಬೇಕಿಲ್ಲ. ಒಂದು ಪಂದ್ಯದ ಟಿಕೆಟ್ ಮಾರಾಟವೇ ಖರ್ಚನ್ನು ಹಿಂದಿರುಗಿಸುವಂತಿತ್ತು. ಖಾಲಿ ಕುರ್ಚಿಗಳ ನಡುವೆ ಆಡುತ್ತಿದ್ದ ತಂಡದ ಮಾಲೀಕರಿಗೆ ಇದರಲ್ಲಿ ತಪ್ಪೇನು ಕಂಡೀತು?

ನಿಜವಾದ ಖರ್ಚು ಬೇರೆಡೆ ಇತ್ತು. ಪಂದ್ಯ 48 ನಿಮಿಷದ್ದು, ಅಂಕಣದಲ್ಲಿ ಐವರು. ಹಾಗಾಗಿ ಒಂದು ರಾತ್ರಿಗೆ ತರಬೇತುದಾರನ ಕೈಯಲ್ಲಿ ಹಂಚಲು ಇರುವುದು 240 ನಿಮಿಷ ಮಾತ್ರ. ದುಡ್ಡನ್ನು ಹೆಚ್ಚಿಸಬಹುದು, ಈ ನಿಮಿಷಗಳನ್ನು ಹೆಚ್ಚಿಸುವಂತಿಲ್ಲ. ಹಳಬನಿಗೆ ಕೊಟ್ಟ ಒಂದೊಂದು ನಿಮಿಷವೂ ಹೊಸಬನಿಂದ ಕಿತ್ತದ್ದೇ. ಹತ್ತೊಂಬತ್ತರ ಹುಡುಗ ತಪ್ಪು ಪಾಸ್ ಕೊಟ್ಟು, ಚೆಂಡು ಕಳೆದುಕೊಂಡು, ಬೈಸಿಕೊಂಡು ಕಲಿಯಬೇಕಾದ ಸಮಯ ಅದು. ಸೋಲುತ್ತಿರುವ ತಂಡಕ್ಕೆ ಇರುವ ಒಂದೇ ಸೌಕರ್ಯವೆಂದರೆ ಹೀಗೆ ಕಲಿಸಲು ಬೇಕಾದಷ್ಟು ಪಂದ್ಯಗಳಿರುತ್ತವೆ ಎಂಬುದು.

ಕ್ರಿಕೆಟ್ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1994ರ ಫೆಬ್ರುವರಿಯಲ್ಲಿ ಕಪಿಲ್ ದೇವ್ 432ನೇ ವಿಕೆಟ್ ಪಡೆದು ವಿಶ್ವದಾಖಲೆ ಬರೆಯುವವರೆಗೆ ಮೈಸೂರಿನ ಜಾವಗಲ್ ಶ್ರೀನಾಥ್‌ಗೆ ಸ್ವದೇಶದಲ್ಲಿ ಒಂದೂ ಟೆಸ್ಟ್ ಸಿಕ್ಕಿರಲಿಲ್ಲ. ಕಪಿಲ್ ನಿವೃತ್ತರಾದ ಮೇಲೆ ಅದೇ ವರ್ಷದ ನವೆಂಬರ್‌ನಲ್ಲಿ ಮುಂಬೈಯಲ್ಲಿ ಅವಕಾಶ ಸಿಕ್ಕಾಗ ಅವರು ಪಂದ್ಯಶ್ರೇಷ್ಠರಾದರು.

ಇನ್ನೊಂದು ತೊಡಕು ಆಟದ ರೀತಿಯದು. ಎಡ್ಡಿ ಜೋರ್ಡನ್ ಅನುಸರಿಸುತ್ತಿದ್ದದ್ದು ‘ಪ್ರಿನ್ಸ್‌ಟನ್’ ಪದ್ಧತಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪೀಟ್ ಕ್ಯಾರಿಲ್ ಎಂಬ ತರಬೇತುದಾರ ಹೆಸರುವಾಸಿಯಾಗಿಸಿದ ವಿಧಾನ ಇದು. ಚೆಂಡು ಯಾರ ಕೈಯಲ್ಲೂ ಹೆಚ್ಚು ಹೊತ್ತು ನಿಲ್ಲಬಾರದು. ಐವರ ನಡುವೆ ಸುತ್ತುತ್ತಲೇ ಇರಬೇಕು. ಚೆಂಡಿಲ್ಲದವನು ಎದುರಾಳಿಯ ಬೆನ್ನ ಹಿಂದಿನಿಂದ ಬುಟ್ಟಿಯತ್ತ ನುಸುಳಿದಾಗ ಚೆಂಡು ಅವನನ್ನು ಹುಡುಕಿಕೊಂಡು ಬರಬೇಕು. ಐವರ್ಸನ್ ಆಟ ಇದಕ್ಕೆ ಪೂರ್ತಿ ತದ್ವಿರುದ್ಧ. ಹದಿಮೂರು ವರ್ಷ ಅವರು ಚೆಂಡನ್ನು ಕೈಯಲ್ಲಿ ಪುಟಿಸುತ್ತ, ಎದುರಿನವನನ್ನು ಅಳೆಯುತ್ತ, ಒಬ್ಬರೇ ನುಗ್ಗಿದವರು. ಕೂಡು ಭಜನೆಗೆ ಒಂಟಿ ಗಾಯಕನನ್ನು ಕೂರಿಸಿದ ಹಾಗೆ. ಅವರ ಕಂಠ ಚೆನ್ನಾಗಿದ್ದ ಕಾಲದಲ್ಲಿ ಲ್ಯಾರಿ ಬ್ರೌನ್ ಉಳಿದ ನಾಲ್ವರನ್ನು ತಾಳಕ್ಕೆ ಕೂರಿಸಿ ಸಂಭಾಳಿಸಿದ್ದರು. ಈಗ ಕಂಠವೂ ಕುಗ್ಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ತಂಡ ಒಂದು ಮುಖ್ಯ ಮಾತನ್ನು ಕೇಳದೆ ಬಿಟ್ಟಿತೆನಿಸುತ್ತದೆ. ಬೆಂಚಿನ ಕಾರಣಕ್ಕೆ ಎರಡು ತಂಡ ಬಿಟ್ಟುಬಂದವರನ್ನು ನೇರವಾಗಿ ಆರಂಭಿಕ ಐವರಲ್ಲಿ ನಿಲ್ಲಿಸಿತು. ಆಡಿದ 25 ಪಂದ್ಯಗಳಲ್ಲಿ 24ರಲ್ಲಿ ಐವರ್ಸನ್ ಆರಂಭಿಕರೇ; ಸರಾಸರಿ 32 ನಿಮಿಷದಷ್ಟು ಆಟ. ಇದು ದವಡೆ ವಾಸಿಯಾಗಿ ವಿಲಿಯಮ್ಸ್ ಮರಳಿದ ಮೇಲೂ ಮುಂದುವರಿಯಿತು. ಪಂದ್ಯಕ್ಕೆ 13.9 ಅಂಕ ಬಂತು. 2005-06ರಲ್ಲಿ ಇದೇ ಅಂಗಿಯಲ್ಲಿ ಅವರ ಸರಾಸರಿ 33 ಇತ್ತು. ಎಡ ಮೊಣಕಾಲಿನ ಸಂಧಿವಾತ ನಡುನಡುವೆ ಹೊರಗೆ ಕೂರಿಸಿತು.

ಆದರೂ ಜನರ ಪ್ರೀತಿ ತಣಿದಿರಲಿಲ್ಲ. 2010ರ ಫೆಬ್ರುವರಿಯ ಆಲ್‌ಸ್ಟಾರ್ ಪಂದ್ಯಕ್ಕೆ ಅಭಿಮಾನಿಗಳ ಮತದಿಂದ ಐವರ್ಸನ್ ಆರಂಭಿಕ ಆಟಗಾರರಾಗಿ ಆಯ್ಕೆಯಾದರು! ಅಂಕಿಅಂಶ ನೋಡುವವರು ಹಣೆ ಚಚ್ಚಿಕೊಂಡರು. ಅಷ್ಟರಲ್ಲಿ ಮನೆಯಲ್ಲಿ ಪುಟ್ಟ ಮಗಳಿಗೆ ಕಾಯಿಲೆ. ಅವರು ಆ ಪಂದ್ಯಕ್ಕೆ ಹೋಗಲಿಲ್ಲ. ಫೆಬ್ರುವರಿ 20ರಂದು ಶಿಕಾಗೊದಲ್ಲಿ ಆಡಿದ ಬಳಿಕ ರಜೆ ಪಡೆದರು. ಮಾರ್ಚ್ 2ರಂದು, ಐವರ್ಸನ್ ಈ ಋತುವಿನಲ್ಲಿ ಇನ್ನು ಮರಳುವುದಿಲ್ಲವೆಂದು ತಂಡ ಪ್ರಕಟಿಸಿತು. ಎನ್‌ಬಿಎ ಅಂಕಣಕ್ಕೆ ಅವರು ಮತ್ತೆ ಬರಲೇ ಇಲ್ಲ. ಮುಂದೆ ಟರ್ಕಿಯ ಬೆಸಿಕ್ತಾಸ್ ಕ್ಲಬ್ಬಿಗೆ ಕೆಲವು ಪಂದ್ಯ ಆಡಿದರು, ಅಷ್ಟೆ. ಹಿಂದಿನ ವರ್ಷ 41 ಪಂದ್ಯ ಗೆದ್ದಿದ್ದ ಫಿಲಡೆಲ್ಫಿಯ ಆ ವರ್ಷ ಗೆದ್ದದ್ದು 27. ಎಡ್ಡಿ ಜೋರ್ಡನ್ ಕೆಲಸ ಕಳೆದುಕೊಂಡರು.

ಸೋಲಿಗೆಲ್ಲ ಐವರ್ಸನ್ ಕಾರಣ ಎಂದರೆ ಅನ್ಯಾಯವಾದೀತು. ತಂಡ ಅವರು ಬರುವ ಮೊದಲೇ ಮುಳುಗುತ್ತಿತ್ತು. ಹೋದ ಮೇಲೂ ಮೇಲೇಳಲಿಲ್ಲ. ದೋಷವಿದ್ದದ್ದು ಅವರನ್ನು ಕರೆತಂದದ್ದರಲ್ಲಲ್ಲ, ಕರೆತಂದ ರೀತಿಯಲ್ಲಿ.

ಹಾಗೆಂದು ಹೇಳಲು ಆಧಾರವಾಗಿ ಬೇರೆ ಊರುಗಳ ಮರಳುವಿಕೆಗಳನ್ನು ನೋಡಬಹುದು. ಫಿಲಡೆಲ್ಫಿಯವೇ ಹಿಂದೊಮ್ಮೆ ಇದನ್ನು ಮಾಡಿತ್ತು. 1983ರಲ್ಲಿ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟ ಮೋಸೆಸ್ ಮಲೋನ್‌ರನ್ನು 1986ರಲ್ಲಿ ವಾಷಿಂಗ್ಟನ್‌ಗೆ ಕಳಿಸಿ, 1993ರಲ್ಲಿ, ಅವರಿಗೆ 38 ತುಂಬಿದ್ದಾಗ, ಮರಳಿ ಕರೆಸಿಕೊಂಡಿತು. ಏಳೂವರೆ ಅಡಿ ಎತ್ತರದ ಹೊಸಬ ಶಾನ್ ಬ್ರಾಡ್ಲಿಗೆ ಪಾಠ ಹೇಳಲಿ ಎಂಬುದು ಉದ್ದೇಶ. ಗೆಲುವು ಹೆಚ್ಚಲಿಲ್ಲ. ಆದರೆ ಹಳಬ ಏಕೆ ಬಂದಿದ್ದಾನೆ ಎಂಬುದು ಅವನಿಗೂ ತಂಡಕ್ಕೂ ಗೊತ್ತಿತ್ತು. ರಂಪವಿಲ್ಲದೆ ಋತು ಮುಗಿಯಿತು.

ಮ್ಯಾಜಿಕ್ ಜಾನ್ಸನ್‌ರದು ಇನ್ನೊಂದು ಬಗೆ. ಎಚ್‌ಐವಿ ಸೋಂಕು ತಗುಲಿರುವುದಾಗಿ 1991ರ ನವೆಂಬರ್‌ನಲ್ಲಿ ಜಗತ್ತಿಗೇ ತಿಳಿಸಿ ಆಟ ಬಿಟ್ಟ ಅವರು 1996ರ ಜನವರಿ ಕೊನೆಯಲ್ಲಿ, 36ನೇ ವಯಸ್ಸಿನಲ್ಲಿ, ಲೇಕರ್ಸ್‌ಗೆ ಮರಳಿದರು. ಬಹುತೇಕ ಪಂದ್ಯಗಳಲ್ಲಿ ಬೆಂಚಿನಿಂದಲೇ ಬಂದರು. ಅದುವರೆಗೆ 24 ಗೆದ್ದು 18 ಸೋತಿದ್ದ ತಂಡ ಆಮೇಲೆ 29 ಗೆದ್ದು 11 ಮಾತ್ರ ಸೋತಿತು. ಅಂಕಿಅಂಶದಲ್ಲಿ ಇದಕ್ಕಿಂತ ಒಳ್ಳೆಯ ಫಲ ಸಿಗದು. ಆದರೆ ನಿಮಿಷ ಕಳೆದುಕೊಂಡ ತಂಡದ ನಾಯಕ ಸೆಡ್ರಿಕ್ ಸೆಬಾಲೊಸ್ ಮಾರ್ಚ್‌ನಲ್ಲಿ ಹೇಳದೆ ಕೇಳದೆ ಕೆಲವು ದಿನ ನಾಪತ್ತೆಯಾದರು, ನಾಯಕತ್ವವೂ ಹೋಯಿತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹ್ಯೂಸ್ಟನ್ ಎದುರು ಸೋತು ಲೇಕರ್ಸ್ ಮನೆಗೆ ಹೋಯಿತು, ಮ್ಯಾಜಿಕ್ ಮತ್ತೆ ನಿವೃತ್ತರಾದರು. 240 ನಿಮಿಷದ ಲೆಕ್ಕ ದೇವರಂಥ ಆಟಗಾರನನ್ನೂ ಬಿಡಲಿಲ್ಲ.

ಕೆವಿನ್ ಗಾರ್ನೆಟ್ 2015ರಲ್ಲಿ, 38ರ ವಯಸ್ಸಿನಲ್ಲಿ, ತಾವು ಬೆಳೆದ ಮಿನೆಸೋಟ ತಂಡಕ್ಕೆ ಮರಳಿದಾಗ ಮೊಣಕಾಲುಗಳು ಮುಗಿದೇಹೋಗಿದ್ದವು. ಮುಂದಿನ ಋತುವಿನಲ್ಲಿ 38 ಪಂದ್ಯ ಮಾತ್ರ, ಅದೂ ಸ್ವಲ್ಪಸ್ವಲ್ಪ ಹೊತ್ತು ಆಡಿದರು. ಆಗ ಪಕ್ಕದಲ್ಲಿದ್ದು ಕಲಿತ ಕಾರ್ಲ್-ಆಂಥನಿ ಟೌನ್ಸ್ 2016ರ ಶ್ರೇಷ್ಠ ಹೊಸಬ ಪ್ರಶಸ್ತಿ ಪಡೆದರು.

ಎಲ್ಲಕ್ಕಿಂತ ಹದವಾಗಿ ನಡೆದದ್ದು ಡ್ವೈನ್ ವೇಡ್ ಪ್ರಕರಣ. ಮಯಾಮಿ ತಂಡಕ್ಕೆ ಮೂರು ಪ್ರಶಸ್ತಿ ಗೆದ್ದುಕೊಟ್ಟ ವೇಡ್ 2016ರಲ್ಲಿ ಸಂಬಳದ ಮುನಿಸಿನಿಂದ ಹೊರಹೋದರು. ಶಿಕಾಗೊ, ಕ್ಲೀವ್‌ಲೆಂಡ್ ಸುತ್ತಿ 2018ರ ಫೆಬ್ರುವರಿಯಲ್ಲಿ, 36ನೇ ವಯಸ್ಸಿನಲ್ಲಿ ಮರಳಿದರು. ಅವರಿಗಾಗಿ ಮಯಾಮಿ ಕೊಟ್ಟದ್ದು ಡ್ರಾಫ್ಟ್‌ನ ಎರಡನೇ ಸುತ್ತಿನ ಒಂದು ಆಯ್ಕೆ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ. ಬಂದ ಮೊದಲ ದಿನವೇ ಬೆಂಚಿನಲ್ಲಿ ಕೂತರು. ಆ ಏಪ್ರಿಲ್‌ನಲ್ಲಿ ಪ್ಲೇಆಫ್‌ನ ಒಂದು ಪಂದ್ಯದಲ್ಲಿ ಬೆಂಚಿನಿಂದೆದ್ದು ಬಂದು 28 ಅಂಕ ಗಳಿಸಿ ತಂಡವನ್ನು ಗೆಲ್ಲಿಸಿದರು. ಆ ಪಂದ್ಯ ನಡೆದದ್ದು ಫಿಲಡೆಲ್ಫಿಯದಲ್ಲಿ, ಐವರ್ಸನ್ ಮುತ್ತಿಟ್ಟ ಅದೇ ಕ್ರೀಡಾಂಗಣದಲ್ಲಿ! ಸರಣಿಯನ್ನು ಮಯಾಮಿ ಸೋತಿತು, ಅದು ಬೇರೆ ಮಾತು.

2018-19 ತಮ್ಮ ಕೊನೆಯ ಋತುವೆಂದು ವೇಡ್ ಮೊದಲೇ ಸಾರಿದ್ದರು. ಪಂದ್ಯ ಮುಗಿದ ಮೇಲೆ ಎದುರಾಳಿಯೊಬ್ಬರ ಜೊತೆ ಅಂಗಿ ಬದಲಿಸಿಕೊಳ್ಳುವುದು ಒಂದು ವಾಡಿಕೆಯಾಯಿತು. 72 ಪಂದ್ಯಗಳಲ್ಲಿ ಆರಂಭಿಕರಾದದ್ದು ಎರಡರಲ್ಲಿ ಮಾತ್ರ, ಗಳಿಸಿದ್ದು ಸರಾಸರಿ 15 ಅಂಕ. ಐವರ್ಸನ್‌ರ 13.9ಕ್ಕೂ ಇದಕ್ಕೂ ಅಂಥ ದೂರವೇನಿಲ್ಲ. ಮಯಾಮಿ ಆ ವರ್ಷ ಪ್ಲೇಆಫ್ ತಲುಪಲಿಲ್ಲ ಕೂಡ. ಆದರೂ ಅದನ್ನು ಯಾರೂ ವಿಫಲ ಪ್ರಯೋಗ ಎನ್ನುವುದಿಲ್ಲ. ಊರಿಗೆ ಏನು ಬೇಕಿತ್ತು, ತಂಡ ಏನು ಕೊಟ್ಟೀತು, ಆಟಗಾರ ಎಷ್ಟಕ್ಕೆ ಒಪ್ಪಿದ್ದಾನೆ ಎಂಬುದು ಮೊದಲೇ ತೀರ್ಮಾನವಾಗಿತ್ತು. ಯಾರ ಲೆಕ್ಕವೂ ಸುಳ್ಳಾಗಲಿಲ್ಲ.

ಐವರ್ಸನ್‌ಗೆ ಇಂಥ ಒಪ್ಪಂದ ಸಾಧ್ಯವಿತ್ತೇ? ಹೇಳುವುದು ಕಷ್ಟ. ಆರಡಿಯ ಮನುಷ್ಯ ಏಳಡಿಯವರ ಮೇಲೆ ನುಗ್ಗಬೇಕಾದರೆ ತಾನು ಯಾರಿಗೂ ಕಡಿಮೆಯಿಲ್ಲ ಎಂಬ ಹುಂಬ ನಂಬಿಕೆ ಬೇಕು. ಆ ನಂಬಿಕೆಯನ್ನು 34ನೇ ವಯಸ್ಸಿಗೆ ಅಂಗಿಯ ಹಾಗೆ ಕಳಚಿಡು ಎಂದರೆ ಕಳಚಲು ಬರುವುದಿಲ್ಲ. ವೇಡ್ ಆರಡಿ ನಾಲ್ಕಂಗುಲದವರು, ಪ್ರಶಸ್ತಿ ಗೆದ್ದವರು. ಮೂರು ಸಲ ಉಂಡವನಿಗೆ ಎಲೆ ಬಿಟ್ಟು ಏಳುವುದು ಸುಲಭ. ಐವರ್ಸನ್ ಊಟಕ್ಕೆ ಕೂತದ್ದು ಒಮ್ಮೆ ಮಾತ್ರ, ಅದೂ ಅರ್ಧಕ್ಕೇ ಎದ್ದದ್ದು. ಆದರೆ ಕೇಳಿ ನೋಡಬಹುದಿತ್ತು. ಬೇರೆ ಯಾವ ತಂಡವೂ ಕರೆಯದಿದ್ದ ಹೊತ್ತಿನಲ್ಲಿ, ತನ್ನೂರಿನ ಬೆಂಚು ಬೇರೆ ಊರಿನ ಬೆಂಚಿನಷ್ಟು ಚುಚ್ಚುತ್ತಿತ್ತೋ ಇಲ್ಲವೋ ಎಂಬುದನ್ನು ಯಾರೂ ಪರೀಕ್ಷಿಸಲಿಲ್ಲ.

ಹಳೆಯ ತಾರೆಯನ್ನು ಊರಿಗೆ ಕರೆಸಲು ಅಂಗಿ ತೊಡಿಸಿ ಆಡಿಸಲೇಬೇಕೆಂದೇನೂ ಇಲ್ಲ. 2013ರ ಅಕ್ಟೋಬರ್‌ನಲ್ಲಿ ಐವರ್ಸನ್ ಅಧಿಕೃತವಾಗಿ ನಿವೃತ್ತರಾದರು. 2014ರ ಮಾರ್ಚ್ 1ರಂದು ಫಿಲಡೆಲ್ಫಿಯ ಅವರ ಮೂರನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಘೋಷಿಸಿ, ಕ್ರೀಡಾಂಗಣದ ಮಾಡಿಗೆ ಅದರ ಪತಾಕೆ ಏರಿಸಿತು. ಆಗಲೂ ತಂಡ ಹೀನಾಯ ಸ್ಥಿತಿಯಲ್ಲಿತ್ತು. ಸತತ 26 ಸೋಲುಗಳ ಸರಣಿಯ ನಡುವಿನ ಒಂದು ಸಂಜೆ ಅದು. ವಾಷಿಂಗ್ಟನ್ ಎದುರಿನ ಆ ಪಂದ್ಯವೂ ಸೋಲೇ. ಆದರೂ ಕ್ರೀಡಾಂಗಣ ತುಂಬಿತ್ತು, ಮಧ್ಯಂತರದ ಸಮಾರಂಭಕ್ಕಾಗಿ. 2016ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ಬಂತು. 2024ರಲ್ಲಿ ತಂಡದ ಅಭ್ಯಾಸ ಕೇಂದ್ರದ ಆವರಣದಲ್ಲಿ ಅವರ ಪ್ರತಿಮೆ ನಿಂತಿತು. ಪ್ರಾಕ್ಟೀಸ್ ತಪ್ಪಿಸುತ್ತಿದ್ದವರ ಪ್ರತಿಮೆ ಪ್ರಾಕ್ಟೀಸ್ ನಡೆಯುವಲ್ಲಿ!

ಇನ್ನು ಆ ಚಳಿಗಾಲದ ಇಬ್ಬರು ಹುಡುಗರು. ಐವರ್ಸನ್ ಹೋದ ಮೇಲೆ ಜ್ರೂ ಹಾಲಿಡೇ ಆರಂಭಿಕ ಸ್ಥಾನದಲ್ಲಿ ನೆಲೆಯೂರಿದರು. 2013ರಲ್ಲಿ ಫಿಲಡೆಲ್ಫಿಯದ ಪರವಾಗಿ ಆಲ್‌ಸ್ಟಾರ್ ಆದರು. ಅದೇ ಬೇಸಿಗೆಯಲ್ಲಿ ತಂಡ ಅವರನ್ನು ಬೇರೆಡೆಗೆ ಕೊಟ್ಟಿತು. 2021ರಲ್ಲಿ ಮಿಲ್ವಾಕಿ ಮತ್ತು 2024ರಲ್ಲಿ ಬಾಸ್ಟನ್ ಪ್ರಶಸ್ತಿ ಗೆದ್ದಾಗ ಆ ತಂಡಗಳ ಗಾರ್ಡ್ ಹಾಲಿಡೇ. ದವಡೆ ಮುರಿದುಕೊಂಡ ಲೂ ವಿಲಿಯಮ್ಸ್ ಹದಿನೆಂಟರ ಹುಡುಗನಾಗಿ ತಂಡ ಸೇರಿದಾಗ ಐವರ್ಸನ್‌ರ ಆಟವನ್ನು ಪಕ್ಕದಲ್ಲೇ ಕೂತು ನೋಡಿ ಬೆಳೆದವರು. ಅವರು ಕಲಿತದ್ದು ಗುರು ಕಲಿಯದ ವಿದ್ಯೆ. ಟೊರಾಂಟೊ ಪರ 2015ರಲ್ಲಿ, ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ಪರ 2018 ಮತ್ತು 2019ರಲ್ಲಿ, ಬೆಂಚಿನಿಂದ ಬಂದು ಆಡುವವರಿಗೆಂದೇ ಇರುವ ‘ಆರನೆಯ ಆಟಗಾರ’ ಪ್ರಶಸ್ತಿಯನ್ನು ಮೂರು ಸಲ ಪಡೆದರು.